ಮೆಣಸಿನ ಚೀಲದ ವಾಸನೆ

ಜನವರಿ 5, ಭಾನುವಾರ

ಕರೆಂಟು ಹೋಗಿ ಎರಡು ಗಂಟೆಯಾಯಿತು. ಓವನ್ನಿನೊಳಗೆ ಎರಡು ಕೇಕುಗಳು ಅರ್ಧ ಉಬ್ಬಿ, ನಡುವೆ ಕುಸಿದು ಕೂತಿವೆ. ಮಾಡಲು ಬೇರೇನೂ ಇಲ್ಲದ್ದಕ್ಕೆ ಈ ಡೈರಿ ತೆಗೆದೆ. ಸುದೀಪ್ ಕೆಲಸ ಮಾಡುವ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದನ್ನು ನನಗೆ ತಂದುಕೊಟ್ಟ. ಪ್ರತಿ ಪುಟದ ಅಡಿಯಲ್ಲೂ ಒಂದು ಯೂರಿಯಾ ಚೀಲದ ಚಿತ್ರವಿದೆ. ಹೆಂಡತಿಗೆ ಗಂಡ ಕೊಡುವ ಉಡುಗೊರೆ ಎಂದರೆ ಹೀಗಿರಬೇಕು.

"ಮೇಲೆ ಕ್ರೀಮ್ ಬಳಿದರೆ ಕುಸಿದದ್ದು ಯಾರಿಗೆ ಕಾಣುತ್ತೆ ಬಿಡು," ಎಂದು ಅವನೇ ಈಗ ಹೇಳಿ ಹೋದ. ಇನ್ನೊಂದು ಮಾತಾಡಿದ್ದರೆ ಅವನಿಗೇ ಕ್ರೀಮ್ ಬಳಿಯುತ್ತಿದ್ದೆ.

ಪ್ರಿಯಾಗೆ ಫೋನ್ ಮಾಡಿ ಕೇಕು ತಡ ಎಂದೆ. ಹಾರಂಗಿ ಹಿನ್ನೀರಿನ ಪಕ್ಕದಲ್ಲಿ ಹೋಂಸ್ಟೇ ನಡೆಸುವ ಪ್ರಿಯಾ ನನ್ನ ದೊಡ್ಡ ಗಿರಾಕಿ, ಅವಳನ್ನು ಕಳೆದುಕೊಳ್ಳುವಂತಿಲ್ಲ. "ಅಯ್ಯೋ ಆಶಾ, ಬರ್ತ್‌ಡೇ ಇವತ್ತೇ ಅಲ್ವಾ, ನಾಳೆ ಹುಟ್ಟಿ ಅಂತ ಗೆಸ್ಟಿಗೆ ಹೇಳಕ್ಕಾಗುತ್ತಾ?" ಎಂದಳು. ನಾನು ಹಲ್ಲು ಕಿರಿದೆ. ಅದೇ ಉಸಿರಿನಲ್ಲಿ ಇನ್ನೊಂದು ಗಂಟು ಹಾಕಿದಳು. ಪ್ರತಿ ಶುಕ್ರವಾರ ಬೆಳಿಗ್ಗೆ ನಲವತ್ತು ಸಿನಮನ್ ರೋಲ್ ಬೇಕಂತೆ, ವಾರಾಂತ್ಯಕ್ಕೆ ಬರುವವರಿಗೆ ಸಂಜೆ ಕಾಫಿಯ ಜೊತೆ ಬಿಸಿ ಮಾಡಿ ಕೊಡುತ್ತಾಳಂತೆ. ಅದರಲ್ಲಿ "ಕೂರ್ಗ್ ಟಚ್" ಇರಬೇಕಂತೆ, ಅಂದರೆ ಚಕ್ಕೆಯ ಜೊತೆ ಲವಂಗ, ಕರಿಮೆಣಸು. ಆಗಲಿ ಎಂದೆ. ಗಂಡನಿಗೆ, ಅತ್ತೆಗೆ ಇಲ್ಲ ಎನ್ನಲು ನನಗೆ ಒಂದು ಕ್ಷಣ ಬೇಡ. ಗಿರಾಕಿಯ ಮುಂದೆ ಮಾತ್ರ ಆ ಮಾತು ಬಾಯಿಗೆ ಬರುವುದಿಲ್ಲ.

ಜನವರಿ 8, ಬುಧವಾರ

ಅರಕಲಗೂಡಿನಿಂದ ಅತ್ತೆಯ ತಂಗಿ ಬಂದಿದ್ದಾರೆ. ತಮ್ಮ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಅತ್ತೆ ಅವರಿಗೆ ವಿವರಿಸಿದ್ದು ಅಡುಗೆಮನೆವರೆಗೂ ಕೇಳಿಸಿತು. "ಕುಶಾಲನಗರದಾಗೆ ಕಾಫಿ ಕ್ಯೂರಿಂಗ್ ಐತಲ್ಲ, ಅಲ್ಲಿ ಕಾಫಿ ಕುಡಿದು ಉಗೀತಾಳೆ. ಅದಕ್ಕೆ ಸಂಬಳ ಕೊಡ್ತಾರೆ."

ನಾಲ್ಕು ವರ್ಷ ಕಲಿತ ಕೆಲಸಕ್ಕೆ ಇಷ್ಟು ಬೆಲೆ. ಸಿಪ್ಪೆ ತೆಗೆದು ವಿಂಗಡಿಸಲು ಪ್ಲಾಂಟರುಗಳ ಕಾಫಿ ನಮ್ಮ ಕ್ಯೂರಿಂಗ್ ಕಾರ್ಖಾನೆಗೆ ಬಂದಾಗ ಸ್ಯಾಂಪಲ್ ಹುರಿದು, ಪುಡಿಮಾಡಿ, ಬಟ್ಟಲಿನಲ್ಲಿ ಬಿಸಿನೀರು ಹಾಕಿ, ಮೂಸಿ, ಚಮಚದಲ್ಲಿ ಸೊರ್ರೆಂದು ಹೀರಿ, ಹುಳಿಯೋ ಮುಗ್ಗಲೋ ಒಳ್ಳೆಯದೋ ಎಂದು ಬರೆಯುವವಳು ನಾನು. ನಾನು ಬರೆದದ್ದರ ಮೇಲೆ ಆ ಕಾಫಿ ಯಾವ ಗುಂಪಿಗೆ ಹೋಗುತ್ತದೆ ಎನ್ನುವುದು ತೀರ್ಮಾನ. ನಮ್ಮ ಕ್ವಾಲಿಟಿ ಮೇಲ್ವಿಚಾರಕ ಬೆಳ್ಯಪ್ಪನವರೇ ಎಲ್ಲ ಕಲಿಸಿದ್ದು. ಹೂ ಮುಡಿಯಬಾರದು, ಪೌಡರ್ ಹಾಕಬಾರದು, ಮಧ್ಯಾಹ್ನದ ಡಬ್ಬಿಯಲ್ಲಿ ಉಪ್ಪಿನಕಾಯಿ ಇರಬಾರದು ಎಂದು ಸೇರಿದ ದಿನವೇ ಹೇಳಿದ್ದರು. ಕೋವಿಡ್ ಬಂದು ಹೋದ ಮೇಲೆ ಅವರ ಮೂಗೇ ಸತ್ತಿದೆ. ಅದು ಗೊತ್ತಿರುವುದು ನನಗೊಬ್ಬಳಿಗೆ. ಈಗಲೂ ಚಮಚ ಹಿಡಿದು ಮೇಜಿನ ಸುತ್ತ ಬರುತ್ತಾರೆ, ಹೀರುತ್ತಾರೆ, ನನ್ನ ಮುಖ ನೋಡಿ ಸಹಿ ಹಾಕುತ್ತಾರೆ. ನಿವೃತ್ತಿಗೆ ಎಂಟು ತಿಂಗಳಿದೆ. ನನ್ನಿಂದ ಅವರ ಮಾನ ಉಳಿದಿದೆ ಎಂದು ಒಮ್ಮೊಮ್ಮೆ ಹೆಮ್ಮೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಜನವರಿ 10, ಶುಕ್ರವಾರ

ಮೂರೂವರೆಗೆ ಎದ್ದು ನಲವತ್ತು ರೋಲ್. ಚಳಿಗೆ ಹಿಟ್ಟು ಹುದುಗು ಬರಲಿಲ್ಲ. ಪಾತ್ರೆಯನ್ನು ನೀರೊಲೆಯ ಪಕ್ಕ ಇಟ್ಟು, ಕಂಬಳಿ ಹೊದಿಸಿ, ಮಗುವಿನ ಹಾಗೆ ಕಾದು ಕೂತೆ. ಎಂಟಕ್ಕೆ ಮುಗಿಯಿತು, ಎಂಟೂವರೆಗೆ ಬಸ್ಸು. ಕೈಯನ್ನು ನಿಂಬೆಹಣ್ಣಿನಲ್ಲಿ ತಿಕ್ಕಿ, ಕಾಫಿಪುಡಿಯಲ್ಲಿ ಉಜ್ಜಿ, ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ. ಬೆಳ್ಯಪ್ಪನವರು ನನ್ನ ಉಗುರು ನೋಡಿ ತಲೆಯಾಡಿಸಿದರು. ಕೆಂಪಗಾಗಿದ್ದ ಕಣ್ಣು ಮಾತ್ರ ಅವರಿಗೆ ಕಾಣಲಿಲ್ಲ.

ಮೊದಲ ಸ್ಯಾಂಪಲ್ಲೇ ಕೈಕೊಟ್ಟಿತು. ಕಾಫಿಯ ಹಿಂದೆ ಮೆಣಸು, ಮಸಾಲೆಯ ವಾಸನೆ. ಹಳೆಯ ಮೆಣಸಿನ ಚೀಲದಲ್ಲಿ ಕಾಫಿ ತುಂಬುವ ಚಾಳಿ ಇವರಿಗೆ ಎಂದು ಹೋಗುತ್ತದೋ. ಅದನ್ನೇ ಬರೆದೆ. ಹೇಗಿದ್ದರೂ ಎಲ್ಲರದ್ದರ ಜೊತೆ ಬೆರೆತು ರಾಶಿಗೆ ಸೇರುವ ಮಾಮೂಲಿ ಕಾಫಿ, ದೊಡ್ಡ ನಷ್ಟವೇನಿಲ್ಲ.

ಜನವರಿ 14, ಸಂಕ್ರಾಂತಿ

ಮೂರು ಕೇಕು ಆರ್ಡರ್. ಎಳ್ಳುಬೆಲ್ಲದ ಹಬ್ಬಕ್ಕೂ ಕೇಕು ತಿನ್ನುವ ಜನ ಎಲ್ಲಿಂದ ಬಂದರೋ.

ಅತ್ತೆ ಮಲ್ಲಿಗೆ ತಂದಿಟ್ಟಿದ್ದರು. ಬೇಡ ಎಂದೆ. "ಹಬ್ಬದ ದಿನಾನೂ ಹೂ ಮುಡೀದೆ ಇರ್ತಾರಾ ಮುತ್ತೈದೆಯರು? ನಿನ್ನ ತಲೇಲಿ ಹೂವಿನ ವಾಸನೆ ಬಂದ್ರೆ ನಿಮ್ಮ ಆಫೀಸ್ನೋರು ಸಾಯ್ತಾರಾ? ಈ ಲವಂಗ ಚಕ್ಕೆ ವಾಸನೆ ಆಗಬಹುದಾ?" ಎಂದರು. ನಾನು ಮೂರು ಸಲ ಸ್ನಾನ ಮಾಡುತ್ತೇನೆ ಎಂದು ಕಿರುಚಿದೆ. ಸುದೀಪ್ ಎಳ್ಳು ಬೀರಲು ಹೋದವನು ಸಂಜೆಯವರೆಗೆ ಬರಲೇ ಇಲ್ಲ, ಜಾಣ.

ಜನವರಿ 17, ಶುಕ್ರವಾರ

ಮತ್ತೆ ಮೆಣಸಿನ ಚೀಲ! ಈ ಸಲ ಬೇರೆ ಊರಿನ ಕಾಫಿ. ಈ ವರ್ಷ ಎಲ್ಲರಿಗೂ ಒಟ್ಟಿಗೆ ಏನು ಬಡಿದಿದೆ? ಹೊಸ ಗೋಣಿಚೀಲ ಕೊಳ್ಳಲು ಇಷ್ಟು ಜಿಪುಣತನವೇ? ಬೆಳ್ಯಪ್ಪನವರು, "ಈ ಸೀಸನ್‌ನಲ್ಲಿ ಹೀಗೇ ಬರ್ತಾ ಇದೆಯಲ್ಲ, ಪ್ಲಾಂಟರುಗಳಿಗೆ ಒಂದು ಸೂಚನೆ ಕಳಿಸೋಣ" ಎಂದರು. ಸೂಚನೆಯನ್ನು ನಾನೇ ಟೈಪ್ ಮಾಡಿದೆ. ನಾಲ್ಕು ಬರೆಹದ ತಪ್ಪು. ನಿದ್ದೆ ಸಾಲುತ್ತಿಲ್ಲ.

ಜನವರಿ 22, ಬುಧವಾರ

ಇಂದು ಬಾಳೆಲೆ ಊರಿನ ಬೋಜಮ್ಮ ಆಂಟಿ ಗೋಡೌನಿಗೆ ಕಾಫಿ ಇಳಿಸಲು ಬಂದಿದ್ದರು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಾರೆ, ಚಿಕ್ಕ ತೋಟ. ಈ ವರ್ಷ ಒಂದು ಮೂಲೆಯ ಅರೇಬಿಕಾವನ್ನು ಬೇರೆಯೇ ಇಟ್ಟಿದ್ದಾರೆ. ಚೆನ್ನಾಗಿ ಹಣ್ಣಾದದ್ದನ್ನು ಮಾತ್ರ ಕೀಳಿಸಿ, ತೊಳೆದು, ನೆಲದ ಮೇಲಲ್ಲದೆ ಬಲೆಕಟ್ಟಿದ ಮಂಚದ ಮೇಲೆ ಒಣಗಿಸಿದ್ದಾರೆ. ಮೈಸೂರಿನ ಒಬ್ಬರು ಕೊಳ್ಳುವವರು ಒಪ್ಪಿದ್ದಾರಂತೆ. ರುಚಿ ಚೆನ್ನಾಗಿದೆ ಎಂದು ನಮ್ಮ ವರದಿ ಹೋದರೆ ಆ ಕಾಫಿ ಯಾವ ರಾಶಿಗೂ ಸೇರದೆ ಬೋಜಮ್ಮನ ಹೆಸರಿನಲ್ಲೇ ಹೊರಡುತ್ತದೆ. ಚೀಲದ ಮೇಲೆ ಅವರ ಹೆಸರು ಅಚ್ಚಾಗುತ್ತದೆ.

"ನಲವತ್ತು ವರ್ಷ ಕಾಫಿ ಕೊಟ್ಟಿದ್ದೀನಿ ಆಶಾ, ಒಂದು ಸಲಾನೂ ನನ್ನ ಕಾಫಿ ನನ್ನ ಹೆಸರಲ್ಲಿ ಹೋಗಲಿಲ್ಲ. ಲಾರಿ ಹತ್ತಿದ ಮೇಲೆ ಅದು ಯಾರದೋ," ಎಂದರು.

ಸ್ಯಾಂಪಲ್ ಚೀಲ ಹೊತ್ತು ತಂದವನು ಅವರ ತೋಟದ ಮುತ್ತ. ಹದಿನೆಂಟು ವರ್ಷದಿಂದ ಅವರ ಲೈನಿನಲ್ಲೇ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ಹೆಂಡತಿ ಮುತ್ತಿಯ ಜೊತೆ ಇದ್ದಾನೆ. ನೆಲದ ಮೇಲೆ ಚೀಲವಿಡಲು ಒಪ್ಪಲೇ ಇಲ್ಲ, ಕುರ್ಚಿ ಕೇಳಿದ. "ಇಪ್ಪತ್ ದಿನ ಕೈಲೇ ತಿರ್ಗ್ಸೀನಿ ಅಕ್ಕಾ. ಮಂಜು ಬೀಳೋ ಹೊತ್ಗೆ ಮುಚ್ಚೋದು, ಬಿಸ್ಲು ಬಂದ್ರೆ ತೆಗ್ಯೋದು. ಮಗೀನ್ ಹಂಗೆ," ಎಂದ. ನನಗೆ ನಗು ಬಂತು. ನನ್ನ ಹಿಟ್ಟಿಗೂ ಕಂಬಳಿ ಹೊದಿಸುತ್ತೇನಲ್ಲ.

ಹೆಸರಿನ ಕಾಫಿಯನ್ನು ಬೇರೆಯಾಗಿ, ಶುಕ್ರವಾರ ಬೆಳಿಗ್ಗೆ ಮೊದಲು ರುಚಿ ನೋಡಬೇಕೆಂದು ಬೆಳ್ಯಪ್ಪನವರ ಕಟ್ಟುನಿಟ್ಟು. ಶುಕ್ರವಾರವೇ ಯಾಕೆ ಸ್ವಾಮಿ!

ಜನವರಿ 24, ಶುಕ್ರವಾರ

ಏನೆಂದು ಬರೆಯಲಿ. ಅದರಲ್ಲೂ ಅದೇ. ಬಿಸಿನೀರು ಬಿದ್ದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆದು ಮೂಗು ಹತ್ತಿರ ತಂದೆ, ಮೆಣಸು, ಚಕ್ಕೆ, ಒಳಗೆಲ್ಲೋ ಲವಂಗದ ಹಾಗೆ ಏನೋ. ಐದು ಬಟ್ಟಲಿನಲ್ಲೂ ಅದೇ. ಬೇಜಾರಾಯಿತು. ಅನ್ಯಾಯವಾಗಬಾರದೆಂದು ಉಳಿದ ಸ್ಯಾಂಪಲ್ಲನ್ನೂ ಹುರಿದು ಇನ್ನೊಮ್ಮೆ ನೋಡಿದೆ, ಒಂದು ಕಾಳೂ ಬಿಡದೆ. ಮತ್ತೂ ಅದೇ. ಒಂದು ಸ್ಯಾಂಪಲ್ಲಿಗೆ ಇಷ್ಟು ಯಾರು ಮಾಡುತ್ತಾರೆ?

"ಸರ್, ನೀವೂ ಒಮ್ಮೆ ನೋಡಿ," ಎಂದೆ. ಬೆಳ್ಯಪ್ಪನವರು ಹೀರಿ, ಕಣ್ಣು ಮುಚ್ಚಿದರು. ಆಮೇಲೆ ಸಣ್ಣ ದನಿಯಲ್ಲಿ "ನಿನಗೆ ಸರಿಯಾಗಿ ಗೊತ್ತಾಯ್ತಲ್ಲ?" ಎಂದು ಕೇಳಿದರು. ನನ್ನ ಮೂಗು ಇವತ್ತಿನವರೆಗೆ ತಪ್ಪಿಲ್ಲ ಎಂದೆ. ಸಹಿ ಹಾಕಿದರು.

ಮಸಾಲೆ ವಾಸನೆ, ಹಳೆಯ ಮೆಣಸಿನ ಚೀಲದ ಕಾರಣವಿರಬಹುದು, ಹೆಸರಿನಲ್ಲಿ ಕಳಿಸಲು ಯೋಗ್ಯವಲ್ಲ. ಹೀಗೆ ಬರೆದು ಕಳಿಸಿದೆ. ಇನ್ನು ಅದು ರಾಶಿಗೆ ಸೇರುತ್ತದೆ.

ರೋಲ್ ಮೇಲೆ ಐಸಿಂಗ್ ಕಡಿಮೆಯಾಯಿತೆಂದು ಪ್ರಿಯಾಳ ಮೆಸೇಜು ಬೇರೆ.

ಜನವರಿ 26, ಭಾನುವಾರ

ಶಾಲೆಗೆ ತ್ರಿವರ್ಣದ ಕೇಕು. ಸುದೀಪ್ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿ, ಹಂಪು ಹಾರಿಸಿ, ಹಸಿರನ್ನು ಕೇಸರಿಗೆ ಅಂಟಿಸಿ ತಲುಪಿಸಿದ. ಹೆಡ್ ಮಾಸ್ಟರ್ ಕೀರ್ತಿಕುಮಾರ್ ಫೋನ್ ಮಾಡಿ, "ಮೇಡಂ, ಬಾವುಟದ ವಿಷಯ, ಸ್ವಲ್ಪ ಜಾಗ್ರತೆ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುದೀಪನ ಮೇಲೆ ರೇಗಿದೆ. "ನಾನು ಗೊಬ್ಬರ ಸಾಗಿಸೋನು ಆಶಾ, ಗೊಬ್ಬರ ಅಲುಗಾಡಿದ್ರೆ ಯಾರೂ ಬೈಯಲ್ಲ," ಎಂದ. ಮಾತಿಗೇನೂ ಕಮ್ಮಿಯಿಲ್ಲ.

ಜನವರಿ 29, ಬುಧವಾರ

ಬೋಜಮ್ಮ ಆಂಟಿ ಫೋನ್ ಮಾಡಿದ್ದರು. ಜಗಳಕ್ಕೆ ಬರುತ್ತಾರೆಂದು ಎಣಿಸಿದ್ದೆ. ಒಂದು ಮಾತೂ ಜೋರಾಗಿ ಆಡಲಿಲ್ಲ.

"ಹೊಸ ಚೀಲ ತಂದುಕೊಟ್ಟಿದ್ದೆ. ಮುತ್ತ ಅದರಲ್ಲೇ ತುಂಬಿದೆ ಅಂತ ಆಣೆ ಹಾಕ್ತಾನೆ. ನಾನು ನಂಬಲಿಲ್ಲ. ನಿನ್ನ ಮೂಗು ಯಾಕೆ ಸುಳ್ಳು ಹೇಳುತ್ತೆ? ಹೊಸ ಚೀಲ ಮಾರಿಕೊಂಡಿದ್ದಾನೆ, ಇನ್ನೇನು. ಹದಿನೆಂಟು ವರ್ಷ ಮನೆಯವನ ಹಾಗೆ ಇದ್ದ. ಲೈನ್ ಖಾಲಿ ಮಾಡು ಅಂತ ಹೇಳಿದ್ದೀನಿ."

"ಅಷ್ಟೆಲ್ಲ ಯಾಕೆ ಆಂಟಿ," ಎಂದೆ.

"ಚೀಲಕ್ಕಲ್ಲ ಮಗಾ, ಸುಳ್ಳು ಹೇಳಿದ್ದಕ್ಕೆ."

ಪಾಪ ಎನಿಸಿತು. ಆದರೆ ನಾನೇನು ಮಾಡಲಿ, ಇದ್ದದ್ದನ್ನು ಬರೆದೆ. ಇಪ್ಪತ್ತು ದಿನ ಕಾದವನು ಕೊನೆಯ ದಿನ ಚೀಲದ ಆಸೆಗೆ ಬಿದ್ದನಲ್ಲ ಎಂದು ಅವನ ಮೇಲೂ ಸಿಟ್ಟು ಬಂತು.

ಜನವರಿ 31, ಶುಕ್ರವಾರ

ನಲವತ್ತಲ್ಲ, ಅರವತ್ತು ರೋಲ್. ಎರಡು ಸ್ಯಾಂಪಲ್ಲಿನಲ್ಲಿ ಮೆಣಸಿನ ಚೀಲ. ಸಾಕಾಗಿದೆ.

ಫೆಬ್ರವರಿ 7, ಶುಕ್ರವಾರ

ಆದದ್ದನ್ನು ಸಾಲಾಗಿ ಬರೆಯುತ್ತೇನೆ.

ರೋಲ್‌ಗಳನ್ನು ಓವನ್ನಿಗಿಟ್ಟು, ಎಂದಿನಂತೆ ಕೈ ತಿಕ್ಕಿ ತೊಳೆದು, ಜಗಲಿಯಲ್ಲಿ ಕೂತೆ. ಅತ್ತೆ ಕಾಫಿ ಕೊಟ್ಟರು. ಚಳಿ ಎಂದು ಲೋಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಬಾಯಿಗಿಟ್ಟೆ. ಮೆಣಸಿನ ಚೀಲ.

"ಅತ್ತೆ, ಪುಡಿ ಎಲ್ಲಿಂದ ತಂದಿರಿ?"

"ಎಲ್ಲಿಂದ ತರ್ತಾರೆ? ಅದೇ ಡಬ್ಬಿ, ಅದೇ ಪುಡಿ. ನಿನ್ನೇನೂ ಅದನ್ನೇ ಕುಡಿದೆಯಲ್ಲ."

"ಮಸಾಲೆ ವಾಸನೆ ಬರ್ತಿದೆ."

"ಬರದೆ ಏನು? ವಾಸನೆ ಕಾಫೀಲಿಲ್ಲ ಕಣವ್ವ, ನಿನ್ನ ಕೈಲೈತೆ. ಒಂದ್ ತಿಂಗಳಿಂದ ಹೇಳ್ತಾನೇ ಇದೀನಿ, ಕೇಳೋರ್ ಯಾರು?"

ಲೋಟವನ್ನು ಅವರ ಕೈಗೆ ಕೊಟ್ಟೆ. ನನ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಮೂಗಿನ ಹತ್ತಿರ ಹಿಡಿಯಿರಿ ಎಂದೆ. ಇವಳಿಗೇನಾಯಿತು ಎನ್ನುವಂತೆ ನೋಡಿ ಹಿಡಿದರು. ಬರೀ ಕಾಫಿ. ನಾನು ಹಿಡಿದೆ, ಮೆಣಸು. ಅವರು ಹಿಡಿದರು, ಕಾಫಿ. ನಾಲ್ಕು ಸಲ ಹೀಗೆ ಮಾಡಿದೆವು. ಬಿಸಿ ಲೋಟ ಹಿಡಿದರೆ ಸಾಕು, ಬೆರಳ ಸಂದಿನಲ್ಲಿ ಕೂತ ಎಣ್ಣೆಯೆಲ್ಲ ಹಬೆಯ ಜೊತೆ ಏಳುತ್ತದೆ. ನಿಂಬೆಹಣ್ಣು, ಸೋಪು ಯಾವುದಕ್ಕೂ ಅದು ಹೋಗಿಲ್ಲ. ರುಚಿ ನೋಡುವಾಗಲೂ ಬಟ್ಟಲನ್ನು ಹೀಗೇ ಎರಡು ಕೈಯಲ್ಲಿ ತಬ್ಬಿಯೇ ಮೂಸುತ್ತೇನೆ, ದಿನದ ಮೊದಲ ಒಂದೆರಡು ಸ್ಯಾಂಪಲ್ಲಿಗೆ ಅದು ಹತ್ತಿ ಆಮೇಲೆ ಆರಿಹೋಗುತ್ತದೇನೋ. ನನ್ನ ಬಿಳಿ ಕೋಟು ಒಣಗುವುದೂ ಓವನ್ನಿನ ಹಿಂದಿನ ಹಗ್ಗದಲ್ಲಿ.

ಈ ಡೈರಿಯನ್ನು ತಿರುವಿ ಹಾಕಿದೆ. ಹತ್ತು, ಹದಿನೇಳು, ಇಪ್ಪತ್ನಾಲ್ಕು, ಮೂವತ್ತೊಂದು. ಎಲ್ಲ ಶುಕ್ರವಾರ. ರೋಲ್ ಮಾಡಿದ ದಿನ ಬಿಟ್ಟು ಬೇರೆ ಯಾವ ದಿನವೂ ಯಾರ ಚೀಲದಲ್ಲೂ ಮೆಣಸಿಲ್ಲ.

ಮುತ್ತನ ಚೀಲ ಹೊಸದೇ.

ಓವನ್ನಿನ ಕಡೆ ಯಾರೂ ನೋಡಲಿಲ್ಲ. ಮೂವತ್ತು ರೋಲ್ ಸೀದು ಹೋದವು. ಆಫೀಸಿಗೆ ಹುಷಾರಿಲ್ಲ ಎಂದು ಫೋನ್ ಮಾಡಿದೆ.

ಫೆಬ್ರವರಿ 8, ಶನಿವಾರ

ಬೆಳ್ಯಪ್ಪನವರಿಗೆ ಹೇಳಲಿಲ್ಲ.

ಫೆಬ್ರವರಿ 10, ಸೋಮವಾರ

ಇವತ್ತೂ ಹೇಳಲಿಲ್ಲ. ಗೋಡೌನಿಗೆ ಹೋಗಿ ನೋಡಿ ಬಂದೆ. ಬೋಜಮ್ಮ ಆಂಟಿಯ ಕಾಫಿ ಇನ್ನೂ ಮೂಲೆಯಲ್ಲಿ ಬೇರೆಯಾಗಿಯೇ ಇದೆ. ಬೋರ್ಡಿನ ಮೇಲೆ ಬರೆದಿದ್ದಾರೆ, ಹದಿನೈದನೇ ತಾರೀಕು ಶನಿವಾರ ರಾಶಿಗೆ. ಅಂದರೆ ಸಮಯವಿದೆ. ರಾಶಿಗೆ ಸುರಿಯುವ ಮೊದಲು ಹೇಳಿದರಾಯಿತು, ಹೊಸ ಸ್ಯಾಂಪಲ್ ತೆಗೆದು ಬೇರೆಯವರು ರುಚಿ ನೋಡುತ್ತಾರೆ, ಮುತ್ತನ ಮೇಲಿನ ಕಳಂಕವೂ ಹೋಗುತ್ತದೆ.

ಹೇಳಿದರೆ ಬೆಳ್ಯಪ್ಪನವರ ಮೂಗಿನ ವಿಷಯವೂ ಹೊರಬೀಳುತ್ತದೆ, ನೀವು ಯಾಕೆ ಸಹಿ ಹಾಕಿದಿರಿ ಎಂದು ಕೇಳದೆ ಬಿಡುತ್ತಾರೆಯೇ. ನನ್ನ ಕೆಲಸ ಹೋಗುತ್ತದೆ. ಶುಕ್ರವಾರ ಪ್ರೇಮಿಗಳ ದಿನ, ಇಪ್ಪತ್ತೆರಡು ಹೃದಯದಾಕಾರದ ಕೇಕು ಒಪ್ಪಿಕೊಂಡಿದ್ದೇನೆ. ಈ ಮೂರು ದಿನ ಆಫೀಸಿನಲ್ಲಿ ರಾಮಾಯಣವಾದರೆ ಅವು ಮುಗಿಯುವುದಿಲ್ಲ. ಶುಕ್ರವಾರ ಕೇಕು ತಲುಪಿಸಿ, ಮಧ್ಯಾಹ್ನ ಹೇಳುತ್ತೇನೆ. ಒಂದು ದಿನದ ಸಮಯ ಉಳಿದೇ ಇರುತ್ತದೆ.

ಸುದೀಪನಿಗೂ ಹೇಳಿಲ್ಲ. ಅತ್ತೆ ಮಾತ್ರ ಸುಮ್ಮನೆ ನೋಡುತ್ತಿದ್ದಾರೆ.

ಫೆಬ್ರವರಿ 11, ಮಂಗಳವಾರ

ಕೆಂಪು ಬಣ್ಣ ಖಾಲಿ. ಮಡಿಕೇರಿಯಿಂದ ತರಿಸಬೇಕು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಗೋಡೌನಿನ ಕಡೆ ಹೋದರೆ ಆ ಮೂಲೆ ಖಾಲಿ.

ಶನಿವಾರದ ಲಾರಿ ಇವತ್ತೇ ಬರುತ್ತದೆಂದು ನಿನ್ನೆ ಸಂಜೆ ಗೊತ್ತಾಯಿತಂತೆ. ಬೆಳಿಗ್ಗೆ ಆರಕ್ಕೇ ಎಲ್ಲ ಸುರಿದು ಬೆರೆಸಿದ್ದಾರೆ. ಗೋಡೌನಿನ ಅಶೋಕ್ ಬೆವರು ಒರೆಸಿಕೊಳ್ಳುತ್ತ, "ಯಾಕ್ರೀ ಮೇಡಂ, ಏನಾರ ಬೇಕಿತ್ತಾ?" ಎಂದ. ನನ್ನ ಎದುರಿಗೆ ಹಂಡ್ರೆಡ್ ವಾಟ್ ಬಲ್ಬಿನ ಕೆಳಗೆ ಆಳೆತ್ತರದ ಕಾಫಿ ರಾಶಿ ಇತ್ತು. ಅದರಲ್ಲಿ ಬೋಜಮ್ಮ ಆಂಟಿಯ ಕಾಳು ಯಾವುದು ಎಂದು ಯಾರು ಹೇಳುತ್ತಾರೆ? ಸ್ಯಾಂಪಲ್ಲೂ ಇಲ್ಲ. ಅವತ್ತು ನಾನೇ ಒಂದು ಕಾಳೂ ಬಿಡದೆ ಹುರಿದಿದ್ದೆ.

ನೇರವಾಗಿ ಬೆಳ್ಯಪ್ಪನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ರೋಲ್, ಕೈ, ಕೋಟು, ಶುಕ್ರವಾರಗಳು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದೇ ಕೇಳಿದರು.

"ನಿನಗೆ ಯಾವತ್ತು ಗೊತ್ತಾಯಿತು?"

"ಕಳೆದ ಶುಕ್ರವಾರ ಸರ್."

"ಇವತ್ತು ಗುರುವಾರ."

"ಹೌದು ಸರ್."

"ಕೈಗೆ ವಾಸನೆ ಹತ್ತಿದ್ದು ತಪ್ಪಲ್ಲ ಮಾರಾಯ್ತಿ. ಯಾರಿಗೂ ಆಗಬಹುದು. ಆರು ದಿನ! ಕಾಫಿ ಅಲ್ಲೇ ಕೂತಿತ್ತು. ಆರು ದಿನ ಏನು ಮಾಡ್ತಿದ್ದೆ?"

ಹೃದಯ ಮಾಡುತ್ತಿದ್ದೆ ಎಂದು ಹೇಗೆ ಹೇಳುವುದು? ಅವರು ಮೇಜಿನ ಡ್ರಾಯರ್ ಎಳೆದು ಕಾಗದ ತೆಗೆದರು. ನನ್ನ ಬಗ್ಗೆ ಬರೆಯುತ್ತಾರೆ ಎಂದುಕೊಂಡೆ. ಬರೆದದ್ದು ತಮ್ಮ ಬಗ್ಗೆ. ನಾಲ್ಕು ವರ್ಷದಿಂದ ತಮಗೆ ವಾಸನೆ ತಿಳಿಯುವುದಿಲ್ಲ, ಅದನ್ನು ಮುಚ್ಚಿಟ್ಟಿದ್ದು ತಮ್ಮ ತಪ್ಪು, ಬೇರೆಯವರನ್ನು ನೇಮಿಸಬೇಕು. ಆಮೇಲೆ ಇನ್ನೊಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. "ನಿಂದು ನೀನೇ ಬರಿ." ಬರೆದೆ. ಮ್ಯಾನೇಜರ್ ಸೋಮವಾರ ತೀರ್ಮಾನ ಹೇಳುತ್ತಾರಂತೆ. ಅಲ್ಲಿಯವರೆಗೆ ಆ ಕೋಣೆಗೆ ನಾನು ಕಾಲಿಡುವಂತಿಲ್ಲ.

ಬೋಜಮ್ಮ ಆಂಟಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು.

ಫೆಬ್ರವರಿ 14, ಶುಕ್ರವಾರ

ಇಪ್ಪತ್ತೆರಡೂ ತಲುಪಿದವು. ಅರ್ಧಕ್ಕರ್ಧ ಅತ್ತೆಯೇ ಮಾಡಿದ್ದು. ಯಾವಾಗ ಕಲಿತರೋ, ಕ್ರೀಮನ್ನು ನನಗಿಂತ ನಯವಾಗಿ ಬಳಿಯುತ್ತಾರೆ. ಇದನ್ನು ನಾನು ಇಷ್ಟು ದಿನ ನೋಡಿರಲೇ ಇಲ್ಲ.

ರೋಲ್ ಇನ್ನು ಆಗುವುದಿಲ್ಲ ಎಂದು ಪ್ರಿಯಾಗೆ ಹೇಳಿದೆ. "ಏನು ಆಶಾ, ಸೀಸನ್ ನಡುವೆ ಹೀಗೆ ಕೈಬಿಟ್ಟರೆ?" ಎಂದು ಮುನಿಸಿಕೊಂಡಳು. ಮುನಿಸಿಕೊಳ್ಳಲಿ.

ಫೆಬ್ರವರಿ 16, ಭಾನುವಾರ

ಸುದೀಪ್ ಅಂಗಡಿಯ ಗೂಡ್ಸ್ ಗಾಡಿ ಕೇಳಿ ತಂದ. ಎಲ್ಲವನ್ನೂ ಅವನಿಗೆ ನಿನ್ನೆ ಹೇಳಿದ್ದೆ. ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. "ಬಾಳೆಲೆಗೆ ಎರಡು ಗಂಟೆ ಹಾದಿ, ಬೇಗ ಹೊರಡೋಣ," ಎಂದ ಅಷ್ಟೇ.

ಬೋಜಮ್ಮ ಆಂಟಿ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಲು ಹೊರಟರು. ಬೇಡ, ಮೊದಲು ಕೇಳಿ ಎಂದೆ. ನಿಂತೇ ಹೇಳಿದೆ. ಅವರೂ ನಿಂತೇ ಕೇಳಿದರು. ಆರು ದಿನದ ವಿಷಯವನ್ನೂ ಬಿಡಲಿಲ್ಲ. ಬೈದುಬಿಟ್ಟಿದ್ದರೆ ಹಗುರವಾಗುತ್ತಿತ್ತು. ಅವರು ಅಂಗಳದ ಕಡೆ ನೋಡಿದರು. ಬಲೆಕಟ್ಟಿದ ಮಂಚಗಳು ಅಲ್ಲೇ ಖಾಲಿ ನಿಂತಿದ್ದವು.

"ಮನೆಗೆ ಅಂತ ಒಂದು ಹಿಡಿ ಆದರೂ ಇಟ್ಟುಕೊಂಡಿಲ್ಲವಾ ಆಂಟಿ?" ಎಂದು ಕೇಳಿದೆ.

"ಮನೆಗೆ ನಾವು ಕುಡಿಯೋದು ಉದುರಿದ್ದರ ಪುಡಿ. ಒಳ್ಳೇದನ್ನ ಯಾರಾದರೂ ಮನೇಲಿಟ್ಟುಕೊಳ್ತಾರಾ? ಅಷ್ಟೂ ಕಳಿಸಿದ್ದೆ." ಆಮೇಲೆ, "ಹೆಸರಿನ ಕಥೆ ಹಾಗಿರಲಿ. ಅವನು ಆಣೆ ಹಾಕಿದಾಗ ನಾನು ನಗಾಡಿದೆ ಆಶಾ. ಮುತ್ತಿ ಅಲ್ಲೇ ನಿಂತಿದ್ದಳು. ಅವಳ ಮುಂದೆ," ಎಂದರು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. "ನಡಿ, ನೆಲ್ಯಹುದಿಕೇರಿಯಲ್ಲಿದ್ದಾನೆ. ಅವನ ಭಾವನ ಲೈನಿನಲ್ಲಿ."

ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತೆವು. ಗಾಡಿಯ ತುಂಬ ಗೊಬ್ಬರದ ವಾಸನೆ.

ಮುತ್ತ ಲೈನಿನ ಹಿಂದೆ ಸೌದೆ ಒಡೆಯುತ್ತಿದ್ದ. ನಮ್ಮನ್ನು ಕಂಡು ಕೊಡಲಿಯನ್ನು ಕೆಳಗಿಟ್ಟ. ಕೂರಿ ಎನ್ನಲಿಲ್ಲ. ಮುತ್ತಿ ಬಾಗಿಲಲ್ಲೇ ನಿಂತಳು. ಬೋಜಮ್ಮ ಆಂಟಿ ಅಂಗಳದ ನಡುವೆ ನಿಂತು, ಸುತ್ತಲಿನ ಲೈನಿನವರೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು. "ಮುತ್ತಾ, ಚೀಲ ಹೊಸದೇ. ನೀನು ಹೇಳಿದ್ದು ನಿಜ. ನಾನು ನಂಬದೇ ಇದ್ದದ್ದು ತಪ್ಪು."

"ಅವರದ್ದಲ್ಲ, ನನ್ನದು," ಎಂದು ನಾನು ಮುಂದೆ ಬಂದೆ. ಎರಡು ಸಲ ಕುಡಿದು ನೋಡಿಯೂ ನನ್ನ ಕೈಯ ವಾಸನೆಯನ್ನು ನಿನ್ನ ಕಾಫಿಯದೆಂದು ಬರೆದೆ ಎಂದೆ. ತಿಳಿದ ಮೇಲೂ ಸುಮ್ಮನಿದ್ದೆ ಎಂದೆ. ಈಗ ಅದು ರಾಶಿಗೆ ಸೇರಿ ಲಾರಿ ಹತ್ತಿದೆ ಎಂದೆ. ಅವನು ನೆಲ ನೋಡುತ್ತ ಎಲ್ಲ ಕೇಳಿದ.

ಮುತ್ತಿ ಬಾಗಿಲಿನಿಂದ, "ಊರ್‌ಗೆಲ್ಲಾ ಚೀಲಗಳ್ಳ ಅಂತ ಆಯ್ತು. ಈಗ್ ಬಂದು ಮೂವರ್ ಹೇಳಿದ್ರೆ ಊರ್‌ಗೆ ಯಾರ್ ಹೇಳ್ತಾರೆ?" ಎಂದಳು.

"ನಾನೇ ಹೇಳ್ತೀನಿ. ಮನೆ ಮನೆಗೂ ಹೋಗಿ ಹೇಳ್ತೀನಿ. ವಾಪಸ್ ಬಾ," ಎಂದರು ಬೋಜಮ್ಮ ಆಂಟಿ.

ಮುತ್ತ ಕೊಡಲಿ ಎತ್ತಿಕೊಂಡು ಅದರ ಕಾವನ್ನು ಒರೆಸಿದ. "ಇಲ್ಲಿ ಕಾಪಿ ಕೀಳೋ ಕೆಲ್ಸ ಒಪ್ಕಂಡೀನಿ ಅಮ್ಮ. ಮುಗಿಸ್ದೆ ಬಿಟ್ ಬಂದ್ರೆ ಸರಿ ಆಗಲ್ಲ. ಮುಗೀಲಿ, ಆಮೇಲ್ ಮುತ್ತೀನ ಕೇಳ್ತೀನಿ," ಎಂದ. ಮುತ್ತಿ ಒಳಗೆ ಹೋದಳು.

ನಾನು ಗಾಡಿಯ ಹತ್ತಿರ ಬಂದೆ. ಸುದೀಪ್ ಆಗಲೇ ಕೂತಿದ್ದ. ಬಾಗಿಲಿಗೆ ಕೈಯಿಟ್ಟಾಗ ಹಿಂದಿನಿಂದ "ಅಕ್ಕಾ" ಎಂದು ಕರೆದದ್ದು ಕೇಳಿಸಿತು. ಮುತ್ತ ಬಂದಿದ್ದ. ಬೈಯಲು ಬಂದಿದ್ದಾನೆ, ಬೈಯಲಿ ಎಂದು ನಿಂತೆ.

"ಅಕ್ಕಾ, ಹಂಗಾರೆ ನಮ್ ಕಾಪಿ ಎಂಗಿತ್ತು?"

ನಾನು ಬಾಯಿ ತೆರೆದೆ. ಕಾಫಿಯ ರುಚಿ ಹೇಳುವುದೇ ನನ್ನ ಕೆಲಸ. ಜೇನಿನ ಹಾಗೆ, ಕಿತ್ತಳೆ ಸಿಪ್ಪೆಯ ಹಾಗೆ, ಬೆಲ್ಲದ ಹಾಗೆ ಎಂದು ಎಷ್ಟು ಜನಕ್ಕೆ ಬರೆದುಕೊಟ್ಟಿಲ್ಲ. ಅವುಗಳಲ್ಲಿ ಒಂದನ್ನು ಎತ್ತಿ ಅವನ ಕೈಗೆ ಹಾಕಬಹುದಿತ್ತು. ಸುಳ್ಳು ಎಂದು ಅವನಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಎರಡು ಸಲವೂ ನನಗೆ ಸಿಕ್ಕಿದ್ದು ನನ್ನ ಕೈಯ ವಾಸನೆಯೊಂದೇ.

"ಗೊತ್ತಿಲ್ಲ ಮುತ್ತಣ್ಣ," ಎಂದೆ.

"ಎರಡ್ ಸಲ ಕುಡ್ದೆ ಅಂದ್ರಲ್ಲ?"

"ಕುಡಿದೆ."

ಮುಂದಿನದನ್ನು ಹೇಳುತ್ತೇನೆಂದು ಅವನು ಅಲ್ಲೇ ಕಾದು ನಿಂತ.